ವೆಲಾಸ್ಕೆಸ್ ಮನೆಯ ಹೆಣ್ಣುಮಕ್ಕಳು

ಶಿವಮೊಗ್ಗ

ಪ್ರೀತಿಯ ಪುಟ್ಟಿ,

ವಿಯೆನ್ನಾದ ಆ ದೊಡ್ಡ ಗುಮ್ಮಟದ ಮ್ಯೂಸಿಯಂ ಒಳಗೆ ಏನು ನೋಡಲಿ ಅಂತ ಕೇಳಿದೆಯಲ್ಲ, ಅದು ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಬ್ರೂಗಲ್‌ನ ಚಿತ್ರಗಳಿರುವ ಕೋಣೆಗೆ ಯಾರಾದರೂ ನಿನ್ನನ್ನು ಕರೆದುಕೊಂಡು ಹೋಗೇ ಹೋಗುತ್ತಾರೆ, ಅದನ್ನೂ ನೋಡು. ಆದರೆ ನಾನು ಹೇಳುವುದು ಸ್ಪೇನಿನ ಚಿತ್ರಗಳ ಬಗ್ಗೆ. ಅಲ್ಲಿ ಸ್ಪೇನಿನ ಆಸ್ಥಾನ ಚಿತ್ರಕಾರ ದಿಯೆಗೊ ವೆಲಾಸ್ಕೆಸ್ ಬರೆದ, ಆ ದೇಶದ ರಾಜಕುಮಾರಿ ಮಾರ್ಗರೀಟಾಳ ಮೂರು ಚಿತ್ರಗಳಿವೆ. ಜೊತೆಗೆ ಅವನ ಅಳಿಯ ಮಾಸೊ ಬರೆದ ಒಂದು ಕುಟುಂಬದ ಚಿತ್ರವಿದೆ. ಡ್ರಾಯಿಂಗ್ ಟೀಚರ್ ಆಗಿ ಇಷ್ಟು ವರ್ಷ ಪುಸ್ತಕದಲ್ಲೇ ನೋಡಿ, ಮಕ್ಕಳಿಗೆ ತೋರಿಸಿ, ನನಗೆ ಆ ಮನೆಯವರೆಲ್ಲ ಪರಿಚಯದವರಂತೆ ಆಗಿಬಿಟ್ಟಿದ್ದಾರೆ.

ವೆಲಾಸ್ಕೆಸ್ ಹುಟ್ಟಿದ್ದು 1599ರಲ್ಲಿ, ಸ್ಪೇನಿನ ಸೆವಿಲ್ಯಾ ಪಟ್ಟಣದಲ್ಲಿ. ಅಪ್ಪ ರೊದ್ರೀಗೆಸ್ ದೆ ಸಿಲ್ವಾ, ಪೋರ್ಚುಗೀಸ್ ಮೂಲದ ಮನೆಯವನು. ಆದರೆ ಲೋಕ ಇವತ್ತಿಗೂ ಅವನನ್ನು ಕರೆಯುವುದು ತಾಯಿ ಹೆರೋನಿಮಾ ವೆಲಾಸ್ಕೆಸಳ ಕಡೆಯ ಹೆಸರಿನಿಂದ. ಆ ಸೀಮೆಯಲ್ಲಿ ಹಾಗೆ ತಾಯಿಯ ಹೆಸರು ಇಟ್ಟುಕೊಳ್ಳುವ ವಾಡಿಕೆ ಇತ್ತು. ಇನ್ನೂ ಹನ್ನೆರಡು ತುಂಬುವ ಮೊದಲೇ ಹುಡುಗನನ್ನು ಫ್ರಾನ್ಸಿಸ್ಕೊ ಪಚೆಕೊ ಎಂಬ ಚಿತ್ರಕಾರನ ಮನೆಗೆ ಬಿಟ್ಟರು. ಆರು ವರ್ಷದ ಕರಾರು. ಊಟ, ಬಟ್ಟೆ, ಹಾಸಿಗೆ ಎಲ್ಲ ಗುರುವಿನ ಮನೆಯಲ್ಲೇ. ಬಣ್ಣ ಅರೆಯುವುದು, ಕ್ಯಾನ್ವಾಸಿಗೆ ಅಸ್ತರು ಬಳಿಯುವುದು, ಹೇಳಿದ ಕೆಲಸ ಮಾಡುವುದು, ಅದರ ನಡುವೆಯೇ ಕಲಿಯುವುದು.

ಪಚೆಕೊ ದೊಡ್ಡ ಚಿತ್ರಕಾರನೇನಲ್ಲ. ಅವನ ಚಿತ್ರಗಳಲ್ಲಿ ಮನುಷ್ಯರು ಮರದಲ್ಲಿ ಕಡೆದು ನಿಲ್ಲಿಸಿದಂತೆ ಬಿಗಿಯಾಗಿರುತ್ತಾರೆ. ಆದರೆ ಮೇಷ್ಟ್ರಾಗಿ ಅವನಿಗೆ ನಾನು ಕೈ ಮುಗಿಯುತ್ತೇನೆ. ತನಗಿಂತ ದೊಡ್ಡ ಕೈ ತನ್ನ ಮನೆಯಲ್ಲೇ ಬೆಳೆಯುತ್ತಿದೆ ಎಂದು ಅವನಿಗೆ ಬೇಗ ತಿಳಿಯಿತು. ಶಿಷ್ಯ ಗುರುವನ್ನು ಮೀರಿಸಿದರೆ ಗುರುವಿಗೇನೂ ಕುಂದಲ್ಲ ಎಂದು ತನ್ನ ಚಿತ್ರಕಲೆಯ ಗ್ರಂಥದಲ್ಲಿ ಬರೆದಿಟ್ಟ. ಆ ಗ್ರಂಥ ಅಚ್ಚಾದದ್ದು ಅವನು ತೀರಿಹೋದ ಮೇಲೆ, 1649ರಲ್ಲಿ. ಹುಡುಗನ ಗುಣ, ನಡತೆ, ಪ್ರತಿಭೆ ನೋಡಿ ಮಗಳನ್ನು ಕೊಟ್ಟೆ ಎಂದೂ ಅದರಲ್ಲಿ ಹೇಳಿಕೊಂಡಿದ್ದಾನೆ. 1618ರ ಏಪ್ರಿಲಿನಲ್ಲಿ ಹುವಾನಾ ಪಚೆಕೊಳ ಮದುವೆಯಾದಾಗ ಅವಳಿಗೆ ಇನ್ನೂ ಹದಿನಾರು ತುಂಬಿರಲಿಲ್ಲ. ಮರುವರ್ಷ ಮೇ ತಿಂಗಳಲ್ಲಿ ಫ್ರಾನ್ಸಿಸ್ಕಾ ಹುಟ್ಟಿದಳು. ಆಮೇಲೆ ಹುಟ್ಟಿದ ಇಗ್ನಾಸಿಯಾ ಎಳೆಗೂಸಾಗಿರುವಾಗಲೇ ಹೋದಳು.

ನಾನು ನಿನಗೆ ಹೇಳಬೇಕೆಂದಿರುವುದು ಈ ಫ್ರಾನ್ಸಿಸ್ಕಾಳ ವಿಷಯ. ಅವಳಪ್ಪನ ವಿಷಯ ಎಲ್ಲ ಪುಸ್ತಕದಲ್ಲೂ ಇದೆ. 1623ರಲ್ಲಿ ಮ್ಯಾಡ್ರಿಡ್‌ಗೆ ಕರೆ ಬಂತು, ಹದಿನೆಂಟು ವರ್ಷದ ದೊರೆ ನಾಲ್ಕನೆಯ ಫಿಲಿಪ್‌ನ ಚಿತ್ರ ಬರೆದ, ಅಕ್ಟೋಬರ್ 6ರಂದು ಆಸ್ಥಾನ ಚಿತ್ರಕಾರನಾದ, ತಿಂಗಳಿಗೆ 20 ಡುಕಾಟ್ ಸಂಬಳ. ಕುಂಚದ ಜೊತೆಗೆ ಅರಮನೆಯ ನೌಕರಿಗಳೂ ಒಂದೊಂದಾಗಿ ಹೆಗಲಿಗೇರಿದವು. ಮೊದಲು ದೊರೆಯ ಕೊಠಡಿಯ ಬಾಗಿಲ ಚಾಕರಿ. ಎಷ್ಟೋ ವರ್ಷದ ಮೇಲೆ ಇಡೀ ಅರಮನೆಯ ವಸತಿ ವ್ಯವಸ್ಥೆಯ ಮೇಲ್ವಿಚಾರಣೆ. ಸುಮಾರು ನಲವತ್ತು ವರ್ಷ ಚಿತ್ರ ಬರೆದವನ ಕೃತಿಗಳು ಇಷ್ಟು ಕಡಿಮೆ ಯಾಕೆ ಎಂದು ಕೇಳುವವರು ಈ ನೌಕರಿಗಳನ್ನು ನೆನಪಿಡಬೇಕು.

1633ರ ಆಗಸ್ಟಿನಲ್ಲಿ ಫ್ರಾನ್ಸಿಸ್ಕಾಳ ಮದುವೆ. ವರ ಅಪ್ಪನ ಕಾರ್ಯಾಗಾರದಲ್ಲೇ ಕೆಲಸ ಮಾಡುತ್ತಿದ್ದ ಹುವಾನ್ ಬೌಟಿಸ್ಟಾ ಮಾರ್ಟಿನೆಸ್ ದೆಲ್ ಮಾಸೊ. ಹುಡುಗಿಗೆ ಹದಿನಾಲ್ಕು ವರ್ಷ, ಪುಟ್ಟಿ. ನನ್ನ ಒಂಬತ್ತನೇ ಕ್ಲಾಸಿನ ಮಕ್ಕಳ ವಯಸ್ಸು. ವೆಲಾಸ್ಕೆಸ್ ವರದಕ್ಷಿಣೆಯಾಗಿ ಕೊಟ್ಟದ್ದು ತನ್ನ ಬಾಗಿಲ ಚಾಕರಿಯ ಹುದ್ದೆಯನ್ನು. ಮರುವರ್ಷ ದೊರೆಯ ಒಪ್ಪಿಗೆ ಪಡೆದು ಅದನ್ನು ಅಳಿಯನ ಹೆಸರಿಗೆ ಮಾಡಿಸಿದ. ಮುಂದೆ ಮಾಸೊ ಅದೇ ಹುದ್ದೆಯನ್ನು ತನ್ನ ಮಗ ಗಾಸ್ಪರ್‌ಗೆ ದಾಟಿಸಿದ.

ಮಾವನಿಂದ ಅಳಿಯನಿಗೆ, ಆ ಅಳಿಯ ಮಾವನಾಗಿ ಅವನಿಂದ ಇನ್ನೊಬ್ಬ ಅಳಿಯನಿಗೆ. ಕಸುಬು, ಗಿರಾಕಿಗಳ ಪರಿಚಯ, ಬಣ್ಣದ ಗುಟ್ಟು ಎಲ್ಲ ಎರಡು ಸಲವೂ ದಾಟಿದ್ದು ಒಬ್ಬ ಮಗಳ ಮದುವೆಯಿಂದ, ಎರಡನೆಯ ಸಲ ಅರಮನೆಯ ಹುದ್ದೆಯೂ. ಹುವಾನಾ ಹುಟ್ಟಿದ್ದು ಚಿತ್ರಕಾರನ ಮನೆಯಲ್ಲಿ, ಸೇರಿದ್ದು ಚಿತ್ರಕಾರನ ಕೈ, ಮಗಳನ್ನು ಕೊಟ್ಟದ್ದೂ ಚಿತ್ರಕಾರನಿಗೆ. ಬಣ್ಣ ಕಲಸುವ ಅಗಸೆ ಎಣ್ಣೆಯ ವಾಸನೆ ಇಲ್ಲದ ಮನೆ ಈ ತಾಯಿ ಮಗಳಿಗೆ ಗೊತ್ತೇ ಇರಲಿಕ್ಕಿಲ್ಲ. ಆದರೂ ಇವರು ಬರೆದದ್ದು ಎಂದು ಹೇಳಿ ತೋರಿಸಬಹುದಾದ ಒಂದೇ ಒಂದು ಚಿತ್ರ ಉಳಿದಿಲ್ಲ. ನನಗೆ ಇದು ಸಂಕಟದ ವಿಷಯ, ಮತ್ತು ಆ ಕಾಲವೇ ಹಾಗಿತ್ತು ಎಂದು ಹೇಳಿ ಮುಗಿಸುವುದನ್ನು ನಾನು ಒಪ್ಪುವುದಿಲ್ಲ. ಅದೇ ಸೆವಿಲ್ಯಾದಲ್ಲಿ, ಶಿಲ್ಪಿ ಪೆದ್ರೊ ರೊಲ್ದಾನ್‌ನ ಮನೆಯಲ್ಲಿ 1652ರಲ್ಲಿ ಲುಯಿಸಾ ಹುಟ್ಟಿದಳು. ಅಪ್ಪನ ಕಾರ್ಯಾಗಾರದಲ್ಲೇ ಉಳಿ ಹಿಡಿದು ಕಲಿತಳು, ಅಪ್ಪನ ಇಷ್ಟದ ವಿರುದ್ಧ ಮದುವೆಯಾಗಿ ಹೊರಬಂದಳು, 1692ರಲ್ಲಿ ಸ್ಪೇನಿನ ದೊರೆಯ ಆಸ್ಥಾನ ಶಿಲ್ಪಿಯಾದಳು. ಅಂದರೆ ಆಗುತ್ತಿತ್ತು. ಕೈಗೆ ಉಪಕರಣ ಕೊಟ್ಟರೆ ಆಗುತ್ತಿತ್ತು.

ವೆಲಾಸ್ಕೆಸ್‌ನ ಕಾರ್ಯಾಗಾರದಲ್ಲಿ ಹುವಾನ್ ದೆ ಪರೇಹಾ ಎಂಬ ಗುಲಾಮನಿದ್ದ. 1650ರಲ್ಲಿ ರೋಮಿನಲ್ಲಿ ವೆಲಾಸ್ಕೆಸ್ ಅವನ ಚಿತ್ರ ಬರೆದು, ಅದೇ ವರ್ಷ ಬಿಡುಗಡೆಯ ಪತ್ರವನ್ನೂ ಮಾಡಿಕೊಟ್ಟ. ಇನ್ನೂ ನಾಲ್ಕು ವರ್ಷ ಸೇವೆ ಮಾಡಬೇಕೆಂಬ ಷರತ್ತು ಅದರಲ್ಲಿತ್ತು. ಆ ಪರೇಹಾ 1661ರಲ್ಲಿ ಬರೆದ ದೊಡ್ಡ ಚಿತ್ರ, ಅದರ ಎಡತುದಿಯಲ್ಲಿ ತನ್ನನ್ನೇ ನಿಲ್ಲಿಸಿಕೊಂಡಿರುವುದು, ಈಗ ಮ್ಯಾಡ್ರಿಡ್‌ನ ಪ್ರಾಡೊ ಮ್ಯೂಸಿಯಂನಲ್ಲಿದೆ. ಅವನಿಗೂ ಒಂದು ಸಹಿ ಉಳಿಯಿತು. ನನಗೆ ಅದು ತುಂಬ ಸಂತೋಷ.

ಇನ್ನು ಮಾರ್ಗರೀಟಾ. ನಾಲ್ಕನೆಯ ಫಿಲಿಪ್‌ನ ಎರಡನೆಯ ಹೆಂಡತಿ ಮರಿಯಾನಾಳ ಮಗಳು, ಹುಟ್ಟಿದ್ದು 1651ರಲ್ಲಿ. ಮರಿಯಾನಾ ಆ ದೊರೆಗೆ ತಂಗಿಯ ಮಗಳೇ. ಮಾರ್ಗರೀಟಾಳನ್ನು ಕೊಡುವುದೆಂದು ಮಾತಾಗಿದ್ದು ವಿಯೆನ್ನಾದ ಚಕ್ರವರ್ತಿ ಲಿಯೊಪೋಲ್ಡ್‌ಗೆ, ಅವನು ಮರಿಯಾನಾಳ ಅಣ್ಣತಮ್ಮಂದಿರಲ್ಲಿ ಒಬ್ಬ. ಹೀಗಾಗಿ ಅವಳ ಗಂಡ ಖಾಸಾ ಸೋದರಮಾವ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹುಡುಗಿ ಹೇಗೆ ಬೆಳೆಯುತ್ತಿದ್ದಾಳೆ ಎಂದು ತೋರಿಸಲಿಕ್ಕೆ ಮ್ಯಾಡ್ರಿಡ್‌ನಿಂದ ಚಿತ್ರಗಳು ಹೋಗುತ್ತಿದ್ದವು. ಅವೇ ನೀನು ನೋಡಲಿರುವವು. ಗುಲಾಬಿ ಬಣ್ಣದ ಉಡುಪಿನಲ್ಲಿ ಎರಡು ಮೂರು ವರ್ಷದವಳು, ಪಕ್ಕದ ಮೇಜಿನ ಮೇಲೆ ಹೂದಾನಿ. ಬಿಳಿ ಉಡುಪಿನಲ್ಲಿ ಐದು ವರ್ಷದವಳು. ನೀಲಿ ಉಡುಪಿನಲ್ಲಿ ಎಂಟು ವರ್ಷದವಳು, ಇದು 1659ರದ್ದು. ಹೊಳೆಯುವ ರೇಷ್ಮೆ, ಬೆಳ್ಳಿಯ ಪಟ್ಟಿ ಎಲ್ಲ ಹತ್ತಡಿ ದೂರದಿಂದ ಮುಟ್ಟಿ ನೋಡಬೇಕೆನ್ನಿಸುತ್ತದೆ. ಹತ್ತಿರ ಹೋದರೆ ಬರೀ ಬೀಸಿ ಎಳೆದ ಬಿಳಿ ಬೂದು ಗೆರೆಗಳು. ಒಂದು ದಾರವನ್ನೂ ಅವನು ಕೂತು ಎಣಿಸಿ ಬರೆದಿಲ್ಲ. ಬೆಳಕು ಎಲ್ಲಿ ಬಿದ್ದಿದೆಯೋ ಅಲ್ಲಿ ಮಾತ್ರ ಕುಂಚ ಊರಿದ್ದಾನೆ. ಹಿಂದೆ ಮುಂದೆ ನಡೆದು, ಎಷ್ಟು ದೂರದಲ್ಲಿ ಗೆರೆ ಹೋಗಿ ಬಟ್ಟೆಯಾಗುತ್ತದೆ ಎಂದು ಹುಡುಕು. ಅವಳ ತಮ್ಮ ಫೆಲಿಪೆ ಪ್ರೊಸ್ಪೆರೊನ ಚಿತ್ರವೂ ಅಲ್ಲೇ ಇದೆ. ದೃಷ್ಟಿಯಾಗದಿರಲೆಂದು ಮಗುವಿಗೆ ಗಂಟೆ, ತಾಯಿತ ಎಲ್ಲ ಕಟ್ಟಿದ್ದಾರೆ. ನಾಲ್ಕು ತುಂಬುವ ಮೊದಲೇ ಹೋದ ಕೂಸು. ಮುಖ ನೋಡಿದರೆ ಚಿತ್ರಕಾರನಿಗೆ ಅದು ಮೊದಲೇ ಗೊತ್ತಿತ್ತೇನೋ ಅನ್ನಿಸುತ್ತದೆ.

ಮಾರ್ಗರೀಟಾಳ ಮೊದಲ ಚಿತ್ರದ ಆಸುಪಾಸಿನ ವರ್ಷಗಳಲ್ಲೇ ಫ್ರಾನ್ಸಿಸ್ಕಾ ತೀರಿಕೊಂಡಳು, ಚಿಕ್ಕ ಮಕ್ಕಳನ್ನು ಬಿಟ್ಟು. 1656ರಲ್ಲಿ ವೆಲಾಸ್ಕೆಸ್ ತನ್ನ ದೊಡ್ಡ ಚಿತ್ರ ಲಾಸ್ ಮೆನಿನಾಸ್ ಬರೆದಾಗ ಅವಳಿರಲಿಲ್ಲ. ಆ ಚಿತ್ರ ನಿನಗೆ ಗೊತ್ತು, ಹಾಲ್‌ನಲ್ಲಿ ನಾವು ಕ್ಯಾಲೆಂಡರಿನಿಂದ ಕತ್ತರಿಸಿ ಫ್ರೇಮ್ ಹಾಕಿಸಿದ್ದು ಅದನ್ನೇ. ನಡುವೆ ಮಾರ್ಗರೀಟಾ, ಎಡಕ್ಕೆ ಕುಂಚ ಹಿಡಿದು ನಿಂತ ವೆಲಾಸ್ಕೆಸ್, ಹಿಂದಿನ ಕನ್ನಡಿಯಲ್ಲಿ ರಾಜ ರಾಣಿ. ಅದೇ ಗೋಡೆಯ ಮೇಲೆ, ಕನ್ನಡಿಯ ಮೇಲುಗಡೆ, ಮಬ್ಬಾಗಿ ಎರಡು ದೊಡ್ಡ ಚಿತ್ರಗಳು ಕಾಣುತ್ತವಲ್ಲ, ಅವು ರೂಬೆನ್ಸ್ ಮತ್ತು ಯೊರ್ಡಾನ್ಸ್‌ನ ಕೃತಿಗಳಿಗೆ ಮಾಸೊ ಮಾಡಿದ ನಕಲುಗಳು. ಮಗಳಿಲ್ಲದಿದ್ದರೂ ಅಳಿಯನ ಕೆಲಸವನ್ನು ಮಾವ ತನ್ನ ಚಿತ್ರದೊಳಗೆ ಇಟ್ಟುಕೊಂಡಿದ್ದಾನೆ.

ಈಗ ಮಾಸೊನ ಚಿತ್ರಕ್ಕೆ ಬಾ. ಇದರ ಮುಂದೆ ಹೆಚ್ಚು ಹೊತ್ತು ನಿಲ್ಲು. ಬಹಳ ಕಾಲ ಇದನ್ನು ವೆಲಾಸ್ಕೆಸ್‌ನ ಕುಟುಂಬ, ವೆಲಾಸ್ಕೆಸ್‌ನದೇ ಕೈ ಎಂದು ತಿಳಿದಿದ್ದರು. ಬರೆದದ್ದು ಮಾಸೊ, 1664–65ರ ಸುಮಾರಿಗೆ, ತನ್ನ ಸಂಸಾರವನ್ನು. ಎಡಗಡೆ ನಿಂತ ದೊಡ್ಡ ಮಕ್ಕಳು ಫ್ರಾನ್ಸಿಸ್ಕಾಳವು. ಕೂತಿರುವ ಹೆಂಗಸು ಎರಡನೆಯ ಹೆಂಡತಿ, ಸುತ್ತ ಅವಳ ಮಕ್ಕಳು. ಗೋಡೆಯ ಮೇಲೆ ನಾಲ್ಕನೆಯ ಫಿಲಿಪ್. ಹಿಂದೆ ಬೆಳಕಿರುವ ಕಾರ್ಯಾಗಾರದಲ್ಲಿ ಒಬ್ಬ ಚಿತ್ರಕಾರ ಬೆನ್ನು ತಿರುಗಿಸಿ ಮಾರ್ಗರೀಟಾಳ ಚಿತ್ರ ಬರೆಯುತ್ತಿದ್ದಾನೆ. ಅವನು ಮಾವನೋ ಅಳಿಯನೋ ಎಂದು ಪಂಡಿತರು ಇನ್ನೂ ವಾದ ಮಾಡುತ್ತಾರೆ. ನಾನು ಹುಡುಕುವುದು ಬೇರೆಯವಳನ್ನು. ಗಂಡನ ಕೈ ಇದೆ, ಮಕ್ಕಳಿದ್ದಾರೆ, ಅಪ್ಪ ಕಲಿಸಿದ ಬಣ್ಣವಿದೆ. ಇಷ್ಟನ್ನೂ ಒಂದು ಮಾಡಿದ ಫ್ರಾನ್ಸಿಸ್ಕಾ ಮಾತ್ರ ಇಲ್ಲ.

ವೆಲಾಸ್ಕೆಸ್ 1660ರ ಆಗಸ್ಟ್ 6ರಂದು ತೀರಿಕೊಂಡ. ಮಾರ್ಗರೀಟಾಳ ಅಕ್ಕನನ್ನು ಫ್ರಾನ್ಸಿನ ಹದಿನಾಲ್ಕನೆಯ ಲೂಯಿಗೆ ಒಪ್ಪಿಸುವ ಸಮಾರಂಭದ ಏರ್ಪಾಟಿಗೆಂದು ಗಡಿಗೆ ಹೋಗಿ ಬಂದು ದಣಿದಿದ್ದ. ಎಂಟೇ ದಿನಕ್ಕೆ ಹುವಾನಾಳೂ ಹೋದಳು. ಆಸ್ಥಾನ ಚಿತ್ರಕಾರನ ಪದವಿ ಮಾಸೊಗೆ ಬಂತು. 1666ರಲ್ಲಿ, ಅಪ್ಪ ಸತ್ತ ಶೋಕದ ಕಪ್ಪು ಬಟ್ಟೆಯಲ್ಲಿರುವ ಮಾರ್ಗರೀಟಾಳನ್ನು ಬರೆದವನು ಅವನೇ. ಅದೇ ವರ್ಷ ಅವಳು ನೀನೀಗ ಇರುವ ಊರಿಗೆ ಮದುವೆಯಾಗಿ ಬಂದಳು. ಇಪ್ಪತ್ತೊಂದಕ್ಕೆ ಸತ್ತಳು. ಕಾಪುಚಿನ್ ಚರ್ಚಿನ ನೆಲಮಾಳಿಗೆಯಲ್ಲಿ ಅವಳ ಸಮಾಧಿ ಇದೆ, ಮನಸ್ಸಾದರೆ ಹೋಗು.

ಫ್ರಾನ್ಸಿಸ್ಕಾಳ ಮಗಳು ತೆರೇಸಾಳ ಸಂತತಿ ಮುಂದೆ ಜರ್ಮನಿಯ ಒಂದು ಸಣ್ಣ ರಾಜಮನೆತನಕ್ಕೆ ಸೇರಿತು. ಈಗಿನ ಸ್ಪೇನಿನ ದೊರೆ ಆರನೆಯ ಫೆಲಿಪೆ ತಾಯಿಯ ಕಡೆಯಿಂದ ಅವಳ ವಂಶದವನು. ದೊರೆಯ ಬಾಗಿಲು ಕಾಯುವ ಹುದ್ದೆಯನ್ನು ಬಳುವಳಿಯಾಗಿ ತಂದ ಹುಡುಗಿಯ ರಕ್ತ ಅದೇ ಸಿಂಹಾಸನದ ಮೇಲೆ ಕೂತಿದೆ ಅಂದರೆ ನಂಬುತ್ತೀಯಾ?

ಹೋಗುವಾಗ ಸ್ಕೆಚ್‌ಬುಕ್ಕೂ 4ಬಿ ಪೆನ್ಸಿಲ್ಲೂ ಚೀಲದಲ್ಲಿರಲಿ, ಬರೆಯಬಹುದಾ ಎಂದು ಅಲ್ಲಿಯ ಕಾವಲಿನವರನ್ನು ಕೇಳಿಕೋ. ಫೋಟೊ ನನಗೆ ಪುಸ್ತಕದಲ್ಲೇ ಸಿಗುತ್ತದೆ. ನೀಲಿ ಉಡುಪಿನ ಒಂದು ತೋಳು ಸಾಕು, ನೀನೇ ಬರೆದು, ಯಾವ ಗೆರೆ ದಪ್ಪ, ಯಾವುದು ತೆಳು ಎಂದು ಪಕ್ಕದಲ್ಲಿ ಗುರುತು ಹಾಕಿ ಕಳಿಸು. ಶೇಡಿಂಗ್ ಪಾಠ ಶುರುಮಾಡುವ ಮೊದಲು ಕ್ಲಾಸಿನ ಹುಡುಗಿಯರಿಗೆ ತೋರಿಸಬೇಕು.

ಅಪ್ಪ ಚಟ್ನಿಪುಡಿ ಪಾರ್ಸೆಲ್ ಕಳಿಸಿದ್ದಾರೆ, ತಲುಪಿದ ತಕ್ಷಣ ತಿಳಿಸು.

ಆಶೀರ್ವಾದಗಳೊಂದಿಗೆ,
ನಿನ್ನ ಅಮ್ಮ