ಮಲ್ಲುವಿನ ತೂಕದ ವಿಷಯ

ಅಯೋವಾ ಸಿಟಿ, ಅಮೆರಿಕ

ತೀರ್ಥರೂಪ ಅಪ್ಪನವರಿಗೆ ನಮಸ್ಕಾರಗಳು. ನಾವು ಕ್ಷೇಮ. ನಿಮ್ಮ ಪತ್ರ ತಲುಪಿತು.

ಮಲ್ಲು ಕುಸ್ತಿಯ ಕೆಳಗಿನ ತೂಕದ ವರ್ಗಕ್ಕೆ ಸೇರಲು ನಾಲ್ಕೇ ದಿನದಲ್ಲಿ 70ರಿಂದ 65 ಕೆ.ಜಿ.ಗೆ ಇಳಿಯುತ್ತಾನಂತೆ, ನೀರು ಬಿಟ್ಟು ರೇನ್‌ಕೋಟ್ ತೊಟ್ಟು ಓಡುತ್ತಾನಂತೆ. ಮೊದಲು ಅದನ್ನು ನಿಲ್ಲಿಸಿ. ಇಲ್ಲಿಯ ಪೈಲ್ವಾನ ಡ್ಯಾನ್ ಗೇಬಲ್ ಹೆಸರು ಹೇಳಿ ನಿಮ್ಮ ಬಾಯಿ ಮುಚ್ಚಿಸುತ್ತಾನಲ್ಲ, ಅವರ ಕಥೆ ಪೂರ್ತಿ ಕೇಳಲಿ.

ಗೇಬಲ್ ಎಂದರೆ ಇಲ್ಲಿಯವರಿಗೆ ಊರದೇವರು. ಕ್ರೀಡಾಂಗಣದ ಮುಂದೆ ಪ್ರತಿಮೆಯೇ ಇದೆ. (ಇಲ್ಲಿಯ ಅಖಾಡದಲ್ಲಿ ಕೆಮ್ಮಣ್ಣಿಲ್ಲ, ಅರಿಶಿನವಿಲ್ಲ, ಕುಸ್ತಿಯ ಮ್ಯಾಟಿನಿಂದ ಹುಳುಕಡ್ಡಿ ಹರಡದಂತೆ ಔಷಧಿ ಹಾಕಿ ಒರೆಸುತ್ತಾರೆ, ಅದೇ ಪೂಜೆ!) ಹೈಸ್ಕೂಲಿನಲ್ಲಿ 64ಕ್ಕೆ 64 ಗೆದ್ದವರು. ಕಾಲೇಜಿನಲ್ಲಿ ಸೋತದ್ದು ಕೊನೆಯ ಕುಸ್ತಿ ಒಂದೇ: 1970, ಲ್ಯಾರಿ ಓವಿಂಗ್ಸ್ ಎದುರು 13–11. ಓವಿಂಗ್ಸ್ ಮೇಲಿನ ತೂಕದಿಂದ ಬೇಕೆಂದೇ ಇಳಿದು ಬಂದವನು, ಮಲ್ಲು ಅದನ್ನೇ ಹಿಡಿದು ಕೂರುತ್ತಾನೆ. ಆದರೆ 64 ಚಿಲ್ಲರೆ ಕೆ.ಜಿ.ಯಲ್ಲಿ ಸೋತ ಗೇಬಲ್ 1972ರ ಮ್ಯೂನಿಕ್‌ನಲ್ಲಿ ಚಿನ್ನ ಗೆದ್ದದ್ದು 68ರಲ್ಲಿ, ಮೇಲೇರಿ. ಆರು ಕುಸ್ತಿ, ಎದುರಾಳಿಗಳಿಗೆ ಒಂದು ಪಾಯಿಂಟೂ ಇಲ್ಲ. ಆಮೇಲೆ ಇಲ್ಲಿಯ ವಿಶ್ವವಿದ್ಯಾಲಯದ ಕೋಚ್ ಆಗಿ 21 ವರ್ಷದಲ್ಲಿ ತಂಡಕ್ಕೆ 15 ರಾಷ್ಟ್ರೀಯ ಪ್ರಶಸ್ತಿ ತಂದರು.

ಅವರು ಕೋಚಿಂಗ್ ಬಿಟ್ಟ 1997ರ ಕೊನೆಯಲ್ಲೇ ಈ ದೇಶದಲ್ಲಿ ಮೂವರು ಕಾಲೇಜು ಪೈಲ್ವಾನರು ತೂಕ ಇಳಿಸಲು ಹೋಗಿ ಸತ್ತರು. ರೇನ್‌ಕೋಟಿನಂಥ ರಬ್ಬರ್ ಸೂಟಿನೊಳಗೆ ಬೆವರು ಆರುವುದಿಲ್ಲ, ಮೈ ತಣ್ಣಗಾಗುವುದಿಲ್ಲ. ನೀರಿಲ್ಲದೆ ರಕ್ತ ಕಡಿಮೆಯಾಗಿ ಹೃದಯ, ಮೂತ್ರಪಿಂಡ ಸೋಲುತ್ತವೆ. ಆಮೇಲೆ ಆ ಸೂಟು, ಸೌನಾ (ಬೆವರಿಳಿಸುವ ಬಿಸಿ ಕೋಣೆ) ಎರಡನ್ನೂ ನಿಷೇಧಿಸಿದರು. ಈಗ ಕಾಲೇಜು ಕುಸ್ತಿಯಲ್ಲಿ ಮೂತ್ರದ ಸಾಂದ್ರತೆ 1.020 ದಾಟಿದರೆ, ಅಂದರೆ ಮೈಯಲ್ಲಿ ನೀರು ಕಡಿಮೆಯಿದ್ದರೆ, ಪೈಲ್ವಾನ ಇಳಿಯಬಹುದಾದ ಕನಿಷ್ಠ ತೂಕ ನಿರ್ಧರಿಸುವುದೇ ಇಲ್ಲ. ವಾರಕ್ಕೆ ಮೈತೂಕದ ಶೇ. 1.5ಕ್ಕಿಂತ ಹೆಚ್ಚು ಇಳಿಯುವಂತಿಲ್ಲ.

ಮಲ್ಲುವಿನ ಲೆಕ್ಕಕ್ಕೆ ಅದು ವಾರಕ್ಕೆ ಒಂದು ಕೆ.ಜಿ., ಅಂದರೆ ಐದು ವಾರ. ಅಷ್ಟು ಸಮಯ ಇಲ್ಲದಿದ್ದರೆ 70ರಲ್ಲೇ ಆಡಲಿ, ವಸ್ತಾದರಿಗೂ ಹೇಳಿ. ಬೆಳಿಗ್ಗೆ ಬಹಿರ್ದೆಸೆ ಮುಗಿಸಿ ಖಾಲಿ ಹೊಟ್ಟೆಯಲ್ಲಿ ಒಂದೇ ಯಂತ್ರದಲ್ಲಿ ತೂಗಬೇಕು. ತಾಲೀಮಿಗೆ ಮುಂಚೆ, ಆಮೇಲೆ ಮತ್ತೆ ತೂಗಬೇಕು. ಅಲ್ಲಿ ಇಳಿದ ಒಂದು ಕೆ.ಜಿ. ಕೊಬ್ಬಲ್ಲ, ನೀರು. ಒಂದೂವರೆ ಲೀಟರ್‌ವರೆಗೆ ಸ್ವಲ್ಪ ಸ್ವಲ್ಪವಾಗಿ ಕುಡಿಯಲಿ. ಕರಿದದ್ದು, ಸಿಹಿ ಬಿಡಲಿ. ರೊಟ್ಟಿ, ಬೇಳೆ, ಮೊಟ್ಟೆ ಬೇಡ. ಛೇ, ಅವನ್ನು ಬಿಡುವುದು ಬೇಡ ಎನ್ನಬೇಕಿತ್ತು! ಬಿಸಿಲಲ್ಲಿ ಓಡಿ ತಲೆ ಸುತ್ತಿದರೆ, ಮಾತು ತೊದಲಿದರೆ, ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಮೈಗೆ ನೀರು ಸುರಿದು ನೇರ ಆಸ್ಪತ್ರೆಗೆ.

ಹಣ ಹಾಕಿದ್ದೇನೆ, ಒಳ್ಳೆ ತೂಕದ ಯಂತ್ರ ತರಿಸಿ. ಅವನು ಹೀಗೆ ನಡೆದುಕೊಂಡರೆ ಗಾಬರಿ ಬೀಳುವಂಥದ್ದೇನೂ ಇಲ್ಲ, ಅವ್ವನಿಗೆ ಈ ಸಾವಿನ ಸುದ್ದಿ ಓದಿ ಹೇಳಬೇಡಿ. ಬಸ್ಸಿನ ಹೊತ್ತಾಯಿತು.

ನಿಮ್ಮ ಮಗ,
ಈರಣ್ಣ