ಕರೆಂಟ್ ಕೊಡುವ ಸಂಘಕ್ಕೆ ನೀನೂ ಒಡತಿ

ಜಯನಗರ, ಬೆಂಗಳೂರು

ಚಿ. ಸೌ. ಶ್ವೇತಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಟೆಕ್ಸಾಸ್‌ನ ಲಿಯಾಂಡರ್‌ನಲ್ಲಿ ಮನೆ ಕೊಂಡಿರಿ ಎಂದು ನಿಮ್ಮಮ್ಮ ಹೇಳಿದಳು. ತುಂಬ ಸಂತೋಷವಾಯಿತು. ಆದರೆ ಅಲ್ಲಿ ಕರೆಂಟ್ ಕಂಪನಿಯನ್ನು ನಾವು ಆರಿಸಿಕೊಳ್ಳುವ ಹಾಗಿಲ್ಲ, ಪೆಡರ್ನಾಲೆಸ್ ಅನ್ನುವ ಒಂದೇ ಸಂಘ, ಅದಕ್ಕೆ ಮೆಂಬರ್ ಬೇರೆ ಆಗಬೇಕು ಅಂತ ನೀನು ಬೇಸರ ಮಾಡಿಕೊಂಡೆಯಂತೆ. ಟೆಕ್ಸಾಸ್‌ನ ಬಹುಪಾಲು ಊರುಗಳಲ್ಲಿ 2002ರಿಂದ ಜನ ತಮಗೆ ಬೇಕಾದ ಕಂಪನಿಯಿಂದ ಕರೆಂಟ್ ಕೊಳ್ಳುತ್ತಾರೆ. ಸಹಕಾರ ಸಂಘಗಳಿಗೆ, ಊರಿನ ಆಡಳಿತವೇ ನಡೆಸುವ ವಿದ್ಯುತ್ ಸಂಸ್ಥೆಗಳಿಗೆ ಆ ಕಾನೂನು ಕಡ್ಡಾಯವಲ್ಲ. ಅದಕ್ಕೇ ನಿನಗೆ ಆಯ್ಕೆ ಇಲ್ಲ. ಆಯ್ಕೆಯ ಬದಲು ನಿನಗೆ ಒಡೆತನ ಬಂದಿದೆ. ಅದು ದೊಡ್ಡದು, ಆದರೆ ತಾನಾಗಿ ಕೈಗೆ ಬರುವಂಥದ್ದಲ್ಲ. ಕಾಗದಪತ್ರ ಸರಿಯಾಗಿಟ್ಟುಕೊಂಡು ವರ್ಷಕ್ಕೊಮ್ಮೆ ವೋಟು ಹಾಕುವವರಿಗೆ ಮಾತ್ರ ಅದು ಫಲ ಕೊಡುತ್ತದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಈ ಸಂಘಗಳು ಹುಟ್ಟಿದ ಕಾರಣ ಮೊದಲು ತಿಳಿದುಕೋ. 1930ರ ದಶಕದ ಮಧ್ಯದಲ್ಲಿ ಅಮೆರಿಕದ ಹಳ್ಳಿಗಾಡಿನಲ್ಲಿ ಹತ್ತು ಮನೆಗೆ ಒಂದು ಮನೆಯಲ್ಲಷ್ಟೇ ಕರೆಂಟ್ ಇತ್ತು. ಮೈಲಿಗಟ್ಟಲೆ ಕಂಬ ನೆಟ್ಟರೂ ಸಿಗುವುದು ಬೆರಳೆಣಿಕೆಯ ಮನೆ, ಲಾಭವಿಲ್ಲ ಎಂದು ಖಾಸಗಿ ಕಂಪನಿಗಳು ಆ ಕಡೆ ತಲೆ ಹಾಕಲಿಲ್ಲ. 1935ರಲ್ಲಿ ರೂಸ್‌ವೆಲ್ಟ್ ಸರ್ಕಾರ ಗ್ರಾಮೀಣ ವಿದ್ಯುದೀಕರಣಕ್ಕೆಂದೇ ಒಂದು ಇಲಾಖೆ ತೆರೆಯಿತು, 1936ರಲ್ಲಿ ಕಾನೂನು ಬಂತು, ಕಡಿಮೆ ಬಡ್ಡಿಗೆ ಸಾಲ ಸಿಕ್ಕಿತು. ರೈತರು ತಾವೇ ಸಂಘ ಕಟ್ಟಿಕೊಂಡು ಲೈನ್ ಎಳೆಸಿಕೊಂಡರು. ನಿನ್ನ ಪೆಡರ್ನಾಲೆಸ್ ಹುಟ್ಟಿದ್ದು 1938ರಲ್ಲಿ, ಆಗ ಆ ಭಾಗದ ಸಂಸದರಾಗಿದ್ದ ಲಿಂಡನ್ ಜಾನ್ಸನ್ ಅವರ ಒತ್ತಾಸೆಯಿಂದ. ಅದೇ ಮಾದರಿ ನಮ್ಮ ರಾಜ್ಯಕ್ಕೂ ಬಂತು. ದೇಶದಲ್ಲಿ ಪ್ರಯೋಗಕ್ಕೆಂದು ಆರಿಸಿದ ಮೊದಲ ಐದು ಸಂಘಗಳಲ್ಲಿ ಬೆಳಗಾವಿ ಜಿಲ್ಲೆಯ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಒಂದು; ಅದು ಶುರುವಾದದ್ದು 1969ರಲ್ಲಿ. ನಮ್ಮ ಬೆಸ್ಕಾಂ ಹಾಗಲ್ಲ. ಅದು 2002ರಲ್ಲಿ ಕೆಲಸ ಶುರುಮಾಡಿದ ಸರ್ಕಾರಿ ಕಂಪನಿ, ನಾವು ಅದಕ್ಕೆ ಗ್ರಾಹಕರು. ದರ ನಿಗದಿ ಮಾಡುವುದು ಕೆಇಆರ್‌ಸಿ, ಅಂದರೆ ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ. ಟೆಕ್ಸಾಸ್‌ನ ಸಹಕಾರ ಸಂಘಕ್ಕೆ ಅಂಥ ಆಯೋಗ ದರ ಹಾಕುವುದಿಲ್ಲ. ಸದಸ್ಯರು ಆರಿಸಿದ ಆಡಳಿತ ಮಂಡಳಿಯೇ ದರ ತೀರ್ಮಾನಿಸುತ್ತದೆ. ಇದನ್ನು ಮನಸ್ಸಿನಲ್ಲಿಟ್ಟುಕೋ, ಮುಂದೆ ಬೇಕಾಗುತ್ತದೆ.

ಈಗ ಹಣದ ವಿಷಯ. ಸೇರುವಾಗ ಮೂರು ಹೆಸರು ಕೇಳುತ್ತೀಯ: ಸದಸ್ಯತ್ವ ಶುಲ್ಕ, ಠೇವಣಿ, ಕ್ಯಾಪಿಟಲ್ ಕ್ರೆಡಿಟ್. ಮೂರೂ ಬೇರೆ ಬೇರೆ, ಕಲಸಿಕೊಳ್ಳಬೇಡ. ಸದಸ್ಯತ್ವ ಶುಲ್ಕ ಇರುವ ಕಡೆ ಅದು ಸಣ್ಣ ಮೊತ್ತ. ಠೇವಣಿ ನಿಮ್ಮ ಬಿಲ್ ಬಾಕಿಗೆ ಭದ್ರತೆ. ಕ್ರೆಡಿಟ್ ಹಿಸ್ಟರಿ, ಅಂದರೆ ಸಾಲ ತೀರಿಸಿದ ಹಳೆಯ ದಾಖಲೆ, ಚಿಕ್ಕದಿದ್ದವರಿಗೆ ಇದನ್ನು ಹೆಚ್ಚು ಕೇಳುತ್ತಾರೆ. ಈಗಿರುವ ಅಪಾರ್ಟ್‌ಮೆಂಟಿನ ಕರೆಂಟ್ ಕಂಪನಿಯಿಂದ ಹನ್ನೆರಡು ತಿಂಗಳು ತಡಮಾಡದೆ ಬಿಲ್ ಕಟ್ಟಿದ್ದಾರೆ ಎಂಬ ಪತ್ರ ತಂದುಕೊಡು. ಅನೇಕ ಸಂಘಗಳು ಅದನ್ನು ನೋಡಿ ಠೇವಣಿ ಬಿಡುತ್ತವೆ. ಹಳೆಯ ಖಾತೆ ಮುಚ್ಚುವ ಮೊದಲೇ ಆ ಪತ್ರ ಕೇಳಿಬಿಡು, ಆಮೇಲೆ ಅಲೆದಾಟ.

ಕ್ಯಾಪಿಟಲ್ ಕ್ರೆಡಿಟ್ ಮಾತ್ರ ಸಂಘದ ಜೀವಾಳ. ವರ್ಷದ ಕೊನೆಗೆ ಸಂಘದ ಆದಾಯದಿಂದ ವಿದ್ಯುತ್ ಖರೀದಿ, ಲೈನಿನ ರಿಪೇರಿ, ಸಂಬಳ, ಬಡ್ಡಿ, ಸವಕಳಿ ಎಲ್ಲ ಕಳೆದು ಒಂದಿಷ್ಟು ಉಳಿಯುತ್ತದೆ. ಕಂಪನಿಯಾದರೆ ಅದು ಷೇರುದಾರರ ಲಾಭ. ಸಂಘದಲ್ಲಿ ಅದನ್ನು ಸದಸ್ಯರ ಹೆಸರಿಗೆ ಬರೆಯುತ್ತಾರೆ, ಅದೂ ಯಾರು ಎಷ್ಟು ಕರೆಂಟ್ ಕೊಂಡರೋ ಆ ಪ್ರಮಾಣದಲ್ಲಿ. ನಮ್ಮ ಹಾಲು ಉತ್ಪಾದಕರ ಸಂಘದಲ್ಲಿ ಹಾಕಿದ ಹಾಲಿನ ಲೆಕ್ಕಕ್ಕೆ ಬೋನಸ್ ಕೊಡುತ್ತಾರಲ್ಲ, ಅದೇ ನ್ಯಾಯ. ಉದಾಹರಣೆಗೆ ಸಂಘದ ವರ್ಷದ ಆದಾಯ 10 ಕೋಟಿ ಡಾಲರ್, ಉಳಿದದ್ದು 60 ಲಕ್ಷ ಅಂದುಕೋ. ನೂರಕ್ಕೆ ಆರು. ಆ ವರ್ಷ ನೀನು 2,400 ಡಾಲರ್ ಬಿಲ್ ಕಟ್ಟಿದ್ದರೆ ನಿನ್ನ ಹೆಸರಿಗೆ ಬರುವುದು 144 ಡಾಲರ್.

ಹೆಸರಿಗೆ ಬರುವುದು ಬೇರೆ, ಕೈಗೆ ಬರುವುದು ಬೇರೆ. ಹೊಸಬರೆಲ್ಲ ಎಡವುವುದು ಇಲ್ಲೇ. ಬರೆದಿಟ್ಟ ಹಣವನ್ನು ಸಂಘ ಕಂಬ, ತಂತಿ, ಟ್ರಾನ್ಸ್‌ಫಾರ್ಮರ್‌ಗೆ ಬಂಡವಾಳವಾಗಿ ಬಳಸಿಕೊಳ್ಳುತ್ತದೆ. ಅಷ್ಟರಮಟ್ಟಿಗೆ ಹೊರಗಿನ ಸಾಲ ಕಡಿಮೆ, ಬಡ್ಡಿ ಕಡಿಮೆ, ದರದ ಮೇಲೆ ಭಾರ ಕಡಿಮೆ. ಮರಳಿಸುವುದು ಆಡಳಿತ ಮಂಡಳಿ ಆ ವರ್ಷದ ಹಣಕಾಸು ನೋಡಿ, ಸಾಲ ಕೊಟ್ಟವರ ಷರತ್ತು ನೋಡಿ ತೀರ್ಮಾನ ಮಾಡಿದಾಗ. ಕೆಲವು ಸಂಘಗಳು ಅತಿ ಹಳೆಯ ವರ್ಷದ್ದನ್ನು ಮೊದಲು ಮರಳಿಸುತ್ತವೆ, ಕೆಲವು ಹಳೆಯದು ಹೊಸದು ಸೇರಿಸಿ ಕೊಡುತ್ತವೆ. ಹದಿನೈದು ಇಪ್ಪತ್ತು ವರ್ಷ ಹಿಡಿಯುವುದು ಅಪರೂಪವಲ್ಲ. ಅದಕ್ಕೆ ಬಡ್ಡಿ ಇಲ್ಲ. ಕ್ರೆಡಿಟ್ ಇದೆಯಲ್ಲ, ಈ ತಿಂಗಳ ಬಿಲ್ಲಿಗೆ ವಜಾ ಮಾಡಿಕೊಳ್ಳಿ ಅಂದರೆ ಸಾಮಾನ್ಯವಾಗಿ ಒಪ್ಪುವುದಿಲ್ಲ.

ಇಷ್ಟು ವರ್ಷದ ಹಣ ಕಳೆದುಹೋಗುವುದು ಹೆಚ್ಚಾಗಿ ವಿಳಾಸದಿಂದ. ಮನೆ ಮಾರಿ ಬೇರೆ ರಾಜ್ಯಕ್ಕೆ ಹೋದರೂ, ನಾಳೆ ಬೆಂಗಳೂರಿಗೇ ವಾಪಸ್ ಬಂದರೂ, ನೀನು ಕರೆಂಟ್ ಕೊಂಡ ವರ್ಷಗಳ ಕ್ರೆಡಿಟ್ ನಿನ್ನದೇ. ಮನೆಯ ಜೊತೆ ಕೊಂಡವರಿಗೆ ಹೋಗುವುದಿಲ್ಲ. ಆದರೆ ಹತ್ತು ವರ್ಷದ ಮೇಲೆ ಚೆಕ್ ಹೊರಟಾಗ ಅದು ಹಳೆಯ ವಿಳಾಸಕ್ಕೆ ಹೋಗಿ ವಾಪಸ್ ಬರುತ್ತದೆ, ಕೆಲವು ವರ್ಷ ಯಾರೂ ಕೇಳದಿದ್ದರೆ ಆ ರಾಜ್ಯದ ಕಾನೂನಿನಂತೆ ಬೇರೆ ಕಡೆ ಸೇರುತ್ತದೆ. ಖಾತೆ ಮುಚ್ಚುವ ದಿನವೇ ಮುಂದಿನ ವಿಳಾಸ, ಆಫೀಸಿನದಲ್ಲದ ಸ್ವಂತ ಇ-ಮೇಲ್ ಎರಡನ್ನೂ ಬರವಣಿಗೆಯಲ್ಲಿ ಕೊಡು, ಸದಸ್ಯ ಸಂಖ್ಯೆ ಬರೆದಿಟ್ಟುಕೋ.

ಹೆಸರಿನದು ಎರಡನೆಯ ತೊಡಕು. ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು, ಬ್ಯಾಂಕಿನಲ್ಲಿ ಇನಿಷಿಯಲ್, ಕರೆಂಟ್ ಬಿಲ್ಲಿನಲ್ಲಿ ಗಂಡನ ಹೆಸರು ಎಂದಾದರೆ ಇಪ್ಪತ್ತು ವರ್ಷದ ಮೇಲೆ ಒಬ್ಬಳೇ ಎಂದು ಸಾಬೀತು ಮಾಡುವುದು ಕಷ್ಟ. ನಮ್ಮವರಲ್ಲಿ ಇದು ಬಹಳ. ಎಲ್ಲ ಕಡೆ ಒಂದೇ ಕಾಗುಣಿತ ಇರಲಿ. ಅರ್ಜಿ ತುಂಬುವಾಗ ಜಂಟಿ ಸದಸ್ಯತ್ವ ಉಂಟೇ ಎಂದು ಕೇಳಿ ಅಳಿಯಂದಿರ ಹೆಸರನ್ನೂ ಸೇರಿಸು. ಜಂಟಿಯಾದರೂ ವೋಟು ಒಂದೇ, ಆದರೆ ಒಬ್ಬರಿಗೆ ಏನಾದರೂ ಆದರೆ ಇನ್ನೊಬ್ಬರಿಗೆ ಹಕ್ಕು ಸಲೀಸಾಗಿ ಮುಂದುವರಿಯುತ್ತದೆ. ಒಬ್ಬರದೇ ಹೆಸರಿದ್ದರೆ ವಾರಸುದಾರರು ಮರಣ ಪ್ರಮಾಣಪತ್ರದ ಜೊತೆ ಅರ್ಜಿ ಹಾಕಬೇಕು. ಆಗ ಅವಧಿಗೆ ಮೊದಲೇ ಕೊಡುವುದರಿಂದ ಕೆಲವು ಸಂಘಗಳು ಒಂದಷ್ಟು ಕಳೆದು ಕೊಡುತ್ತವೆ. ನಿಮ್ಮ ವಿಲ್‌ನಲ್ಲಿ ಈ ಒಂದು ಸಾಲು ಸೇರಿಸುವುದು ಕೆಟ್ಟದ್ದಲ್ಲ.

ತೆರಿಗೆ ಬಗ್ಗೆ ಒಂದು ಮಾತು. ಮನೆ ಬಳಕೆಗೆ ಕಟ್ಟಿದ ಬಿಲ್ಲಿನ ಕ್ರೆಡಿಟ್ ಮರಳಿದರೆ ಸಾಮಾನ್ಯವಾಗಿ ಅದು ಆದಾಯವಲ್ಲ, ನಿನ್ನದೇ ಹಣ ವಾಪಸ್ ಬಂದಂತೆ. ಆದರೆ ಮನೆಯ ಒಂದು ಕೋಣೆಯನ್ನು ವ್ಯವಹಾರಕ್ಕೆಂದು ತೋರಿಸಿ ಕರೆಂಟ್ ಖರ್ಚನ್ನು ತೆರಿಗೆಯಲ್ಲಿ ಕಳೆದಿದ್ದರೆ ಆ ಪಾಲು ಲೆಕ್ಕಕ್ಕೆ ಬರಬಹುದು. ನಿನ್ನ ಲೆಕ್ಕಿಗರಿಗೆ ಹೇಳು.

ಬಿಲ್ ಬಂದಾಗ ಮೊತ್ತ ಮಾತ್ರ ನೋಡಿ ಮಡಚಿಡಬೇಡ. ತಿಂಗಳಿಗೊಮ್ಮೆ ಬರುವ ನಿಗದಿತ ಶುಲ್ಕ ಒಂದು. ಊರಿಗೆ ಬಂದು ಮನೆಗೆ ಬೀಗ ಹಾಕಿದ್ದರೂ ಅದು ಬರುತ್ತದೆ. ಸಂಘಗಳಿಗೆ ಒಂದು ಮೈಲಿ ಲೈನಿಗೆ ಸರಾಸರಿ ಎಂಟು ಮನೆ, ಖಾಸಗಿ ಕಂಪನಿಗಳಿಗೆ ಮೂವತ್ತರ ಆಸುಪಾಸು. ಕಂಬದ ಖರ್ಚು ಹಂಚಿಕೊಳ್ಳಲು ಜನ ಕಡಿಮೆ ಇರುವುದರಿಂದ ಈ ಶುಲ್ಕ ಅಲ್ಲಿ ತುಸು ಭಾರ. ಇಲ್ಲಿ ಮಂಜೂರಾದ ಕಿಲೋವ್ಯಾಟ್‌ಗೆ ಇಷ್ಟು ಎಂದು ಕಟ್ಟುತ್ತೇವಲ್ಲ, ಉದ್ದೇಶ ಅದೇ. ಆಮೇಲೆ ಲೈನಿನ ಮೂಲಕ ತಂದುಕೊಡುವುದಕ್ಕೆ ಯೂನಿಟ್‌ಗೆ ಇಷ್ಟು, ಕೊಂಡ ವಿದ್ಯುತ್ತಿಗೆ ಇಷ್ಟು. ಖರೀದಿ ದರ ಏರಿಳಿದರೆ ಹೊಂದಾಣಿಕೆ ಎಂದು ಇನ್ನೊಂದು ಸಾಲು. ಬಿಲ್ ಜಿಗಿದಾಗ ಮೊದಲು ಯೂನಿಟ್ ಹೆಚ್ಚಿದೆಯೋ, ಈ ಹೊಂದಾಣಿಕೆ ಹೆಚ್ಚಿದೆಯೋ ನೋಡು. ಮೊದಲನೆಯದಾದರೆ ಮನೆಯೊಳಗೆ ಹುಡುಕಬೇಕು, ಎರಡನೆಯದಾದರೆ ಸಭೆಯಲ್ಲಿ ಕೇಳಬೇಕು.

ಸಂಘ ಎಂದರೆ ಎಲ್ಲದರಿಂದ ರಕ್ಷಣೆ ಎಂದುಕೊಳ್ಳಬೇಡ. 2021ರ ಫೆಬ್ರವರಿಯ ಹಿಮಗಾಳಿಯಲ್ಲಿ ಟೆಕ್ಸಾಸ್‌ನ ಸಗಟು ದರ ಯೂನಿಟ್‌ಗೆ 9 ಡಾಲರ್ ಮುಟ್ಟಿತು. ಸಗಟು ದರಕ್ಕೇ ಒಪ್ಪಂದ ಮಾಡಿಕೊಂಡಿದ್ದ ಖಾಸಗಿ ಕಂಪನಿಯ ಗ್ರಾಹಕರಿಗೆ ಸಾವಿರಾರು ಡಾಲರ್ ಬಿಲ್ ಬಂತು. ಹಾಗೆಯೇ ಬ್ರೇಜೋಸ್ ಎಂಬ, ಹಲವು ಸಂಘಗಳಿಗೆ ವಿದ್ಯುತ್ ಒದಗಿಸುತ್ತಿದ್ದ ದೊಡ್ಡ ಸಹಕಾರ ಸಂಸ್ಥೆ ಮಾರ್ಚ್ 1ರಂದು ದಿವಾಳಿ ಅರ್ಜಿ ಹಾಕಿತು, ಅದರ ಭಾರ ಸದಸ್ಯ ಸಂಘಗಳ ಮೇಲೂ ಬಿತ್ತು. ಲಾಭ ನಿಮ್ಮದು ಎಂದ ಮೇಲೆ ನಷ್ಟವೂ ನಿಮ್ಮದೇ. ಅದಕ್ಕೇ ಸಂಘ ವಿದ್ಯುತ್ತನ್ನು ಯಾರಿಂದ ಕೊಳ್ಳುತ್ತದೆ, ಒಪ್ಪಂದ ಎಷ್ಟು ವರ್ಷದ್ದು, ಬೆಲೆ ಏರಿದಾಗ ತಡೆ ಏನಿದೆ ಎಂಬ ಮೂರು ಪ್ರಶ್ನೆ ಪ್ರತಿ ಸದಸ್ಯನೂ ಕೇಳಬೇಕಾದದ್ದು. ಬಿಲ್ಲಿನ ದೊಡ್ಡ ಪಾಲು ಅಲ್ಲೇ ತೀರ್ಮಾನವಾಗುತ್ತದೆ.

ಕೇಳುವ ದಾರಿ ಚುನಾವಣೆ. ಒಬ್ಬ ಸದಸ್ಯನಿಗೆ ಒಂದು ವೋಟು. ದೊಡ್ಡ ಕಾರ್ಖಾನೆಗೂ ಒಂದೇ, ನಿನಗೂ ಒಂದೇ. ನಿನ್ನ ಸಂಘದ್ದೇ ಚರಿತ್ರೆ ನೋಡು: ನಿರ್ದೇಶಕರ ಭತ್ಯೆ, ಖರ್ಚು, ಇದ್ದವರೇ ಮುಂದುವರಿಯುವಂತಿದ್ದ ಚುನಾವಣಾ ಪದ್ಧತಿ, ಇದನ್ನೆಲ್ಲ ಪ್ರಶ್ನಿಸಿ ಸದಸ್ಯರು 2007ರಲ್ಲಿ ಕೋರ್ಟಿಗೆ ಹೋದರು. ಆಮೇಲೆಯೇ ಚುನಾವಣೆ ಮುಕ್ತವಾದದ್ದು, ಸಭೆ ಮತ್ತು ಕಡತಗಳು ಸದಸ್ಯರಿಗೆ ತೆರೆದುಕೊಂಡದ್ದು. ಎಷ್ಟೋ ಸಂಘಗಳಲ್ಲಿ ವೋಟು ಹಾಕುವವರು ಅತಿ ಕಡಿಮೆ, ಕೆಲವೇ ನೂರು ವೋಟಿನಲ್ಲಿ ನಿರ್ದೇಶಕರು ಗೆಲ್ಲುತ್ತಾರೆ. ಅಂಚೆಯಲ್ಲಿ ಬರುವ ಮತಪತ್ರವನ್ನು ಜಾಹೀರಾತು ಎಂದು ಕಸಕ್ಕೆ ಹಾಕಬೇಡ. ಪ್ರಾಕ್ಸಿ ಕಾಗದಕ್ಕೆ ಓದದೆ ಸಹಿ ಹಾಕಬೇಡ. ನಿನ್ನ ವೋಟನ್ನು ಇನ್ನೊಬ್ಬರ ಕೈಗೆ ಕೊಟ್ಟಂತೆ ಅದು. ಬೈಲಾ ಒಮ್ಮೆ ಪೂರ್ತಿ ಓದು. ನಿನ್ನ ಕ್ಷೇತ್ರದ ನಿರ್ದೇಶಕರ ಅವಧಿ ಯಾವಾಗ ಮುಗಿಯುತ್ತದೆ ನೋಡಿಕೋ. ಆದಾಯದಲ್ಲಿ ನೂರಕ್ಕೆ 85 ಭಾಗವಾದರೂ ಸದಸ್ಯರಿಂದಲೇ ಬರುವ, ತೆರಿಗೆ ವಿನಾಯಿತಿ ಪಡೆದ ಸಂಘಗಳು ಅಮೆರಿಕದ ತೆರಿಗೆ ಇಲಾಖೆಗೆ ಫಾರಂ 990 ಎಂಬ ವಾರ್ಷಿಕ ವಿವರ ಸಲ್ಲಿಸುತ್ತವೆ. ಅದರಲ್ಲಿ ಮುಖ್ಯ ಅಧಿಕಾರಿಗಳ ಸಂಬಳ, ನಿರ್ದೇಶಕರಿಗೆ ಕೊಟ್ಟ ಹಣ ಎಲ್ಲ ಇರುತ್ತದೆ, ಯಾರು ಬೇಕಾದರೂ ನೋಡಬಹುದು. ಎಲ್ಲ ಸಂಘವೂ ಆ ವರ್ಗದ್ದಲ್ಲ, ನಿನ್ನದು ಯಾವುದೆಂದು ಕೇಳು.

ಮನೆಯ ಸುತ್ತ ಎರಡು ವಿಷಯ. ಅಂಗಳದಲ್ಲಿ ಹಸಿರು ಪೆಟ್ಟಿಗೆಯ ಟ್ರಾನ್ಸ್‌ಫಾರ್ಮರ್ ಇದ್ದರೆ ಅದರ ಬಾಗಿಲ ಮುಂದೆ ಹತ್ತು ಅಡಿ ಖಾಲಿ ಬಿಡು. ಲೈನ್‌ಮನ್ ಉದ್ದನೆಯ ಇನ್ಸುಲೇಟೆಡ್ ಕೋಲು ಹಿಡಿದು ನಿಂತು ಕೆಲಸ ಮಾಡುವ ಜಾಗ ಅದು. ಕರಿಬೇವು, ದಾಸವಾಳ ಬೇರೆ ಮೂಲೆಗೆ ಹಾಕು. ಎರಡನೆಯದು ಜನರೇಟರ್. ಹಿಮಗಾಳಿಯ ಮೇಲೆ ಅಲ್ಲಿ ಅನೇಕರು ಕೊಂಡಿದ್ದಾರೆ. ಅದನ್ನು ಗೋಡೆಯ ಪ್ಲಗ್ಗಿಗೆ ಚುಚ್ಚಿ ಮನೆಗೆ ಕರೆಂಟ್ ಹರಿಸುವವರಿದ್ದಾರೆ. ಎಂದೂ ಬೇಡ. ಆ 240 ವೋಲ್ಟ್ ಹಿಂದಕ್ಕೆ ಹರಿದು ಟ್ರಾನ್ಸ್‌ಫಾರ್ಮರ್‌ನಲ್ಲಿ 7,200 ವೋಲ್ಟ್ ಆಗುತ್ತದೆ, ಲೈನ್ ಸತ್ತಿದೆ ಎಂದು ನಂಬಿ ಕಂಬ ಹತ್ತಿದವನ ಪ್ರಾಣ ಹೋಗುತ್ತದೆ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಲಿ, ಮನೆಯನ್ನು ಹೊರಗಿನ ಲೈನಿನಿಂದ ಬೇರ್ಪಡಿಸಿ ಜನರೇಟರಿಗೆ ಜೋಡಿಸುವ ಟ್ರಾನ್ಸ್‌ಫರ್ ಸ್ವಿಚ್ ಹಾಕಿಸು, ಸಂಘಕ್ಕೆ ತಿಳಿಸು. ಜನರೇಟರ್ ಮನೆಯ ಹೊರಗೇ ಇರಲಿ, ಗ್ಯಾರೇಜಿನಲ್ಲೂ ಬೇಡ. ಅದರ ಹೊಗೆ ಕೊಲ್ಲುತ್ತದೆ.

ಸೋಲಾರ್ ಮಾರುವವರು ಬಾಗಿಲಿಗೆ ಬರುತ್ತಾರೆ. ಬಿಲ್ ಸೊನ್ನೆಯಾಗುತ್ತದೆ ಎನ್ನುತ್ತಾರೆ. ನಿಗದಿತ ಶುಲ್ಕ ಹೋಗುವುದಿಲ್ಲ. ಮೇಲಾಗಿ ನೀನು ಕೊಡುವ ಯೂನಿಟ್‌ಗೆ ಸಂಘ ಕೊಡುವ ಬೆಲೆ ನೀನು ಕೊಳ್ಳುವ ಬೆಲೆಗಿಂತ ಕಡಿಮೆ ಇರಬಹುದು. ಅವರ ಕಾಗದಕ್ಕೆ ಸಹಿ ಹಾಕುವ ಮೊದಲು ಸಂಘದ ಆಫೀಸಿನಿಂದಲೇ ಸೋಲಾರ್ ದರಪಟ್ಟಿ ಮತ್ತು ಜೋಡಣೆಯ ಕರಾರು ತರಿಸಿಕೊಂಡು ಓದು.

ಬೈಲಾದ ಪ್ರತಿ ಮತ್ತು ಮೊದಲ ಮೂರು ತಿಂಗಳ ಬಿಲ್ ನನಗೆ ವಾಟ್ಸಾಪ್ ಮಾಡು. ಸಾಲು ಸಾಲಾಗಿ ನೋಡಿ, ಎಲ್ಲಿ ಏನು ಕೇಳಬೇಕು ಎಂದು ಗುರುತು ಹಾಕಿ ಕಳಿಸುತ್ತೇನೆ. ಅಳಿಯಂದಿರಿಗೂ ಮಗುವಿಗೂ ನಮ್ಮ ಆಶೀರ್ವಾದ ತಿಳಿಸು.

ನಿನ್ನ ದೊಡ್ಡಪ್ಪ