ಹೊಲಿಗೆ ಕೆಲಸ

ಆತ್ಮೀಯ ಓದುಗರೇ,

ಪ್ರತಿ ಸಂಚಿಕೆಯಲ್ಲೂ 'ನಮ್ಮ ಸಾಧಕರು' ಪುಟಕ್ಕೆ ಒಬ್ಬರ ಪರಿಚಯ ಹಾಕುತ್ತೇವಲ್ಲ, ಈ ಸಲ ನಮ್ಮ ಸದಸ್ಯರೊಬ್ಬರು ಒಬ್ಬ ವ್ಯಾಸ್ಕ್ಯುಲರ್ ಸರ್ಜನ್ ಬಗ್ಗೆ ಬರೆದು ಕಳಿಸಿದ್ದರು. ಎರಡು ಪುಟ ತುಂಬ ಪದವಿಗಳು, ಫೆಲೋಶಿಪ್‌ಗಳು, ಹುದ್ದೆಗಳು, ಪ್ರಬಂಧಗಳ ಲೆಕ್ಕ, ಪದಕಗಳು. ಎಲ್ಲ ಓದಿ ಮುಗಿಸಿದ ಮೇಲೂ ಈ ಮನುಷ್ಯ ಬೆಳಗ್ಗೆ ಎದ್ದು ಆಸ್ಪತ್ರೆಗೆ ಹೋಗಿ ಏನು ಮಾಡುತ್ತಾರೆ ಅನ್ನೋದು ಮಾತ್ರ ನನಗೆ ತಿಳಿಯಲಿಲ್ಲ. ಸರಿ, ಅವರಿಗೇ ಫೋನ್ ಮಾಡಿದೆ.

"ಡಾಕ್ಟ್ರೇ, ನೀವು ಹಾರ್ಟ್ ಆಪರೇಷನ್ ಮಾಡ್ತೀರಲ್ವಾ?"

"ಹಾರ್ಟು, ತಲೆ ಒಳಗಡೆ, ಅವೆರಡು ಬಿಟ್ಟು ಹೇಳಿ ಸಾರ್," ಅಂದರು. "ಕುತ್ತಿಗೆ, ಹೊಟ್ಟೆ, ಕೈ, ಕಾಲು, ಅಲ್ಲೆಲ್ಲ ರಕ್ತ ಹರಿಯೋ ನಾಳ ಕಟ್ಟಿಕೊಂಡರೆ, ಒಡೆದರೆ, ಬಲೂನಿನ ಹಾಗೆ ಊದಿಕೊಂಡರೆ ನಮ್ಮ ಹತ್ರ ಬರ್ತಾರೆ. ನಿಜ ಹೇಳಬೇಕು ಅಂದ್ರೆ ನಮ್ಮದು ಹೊಲಿಗೆ ಕೆಲಸ."

ತಮಾಷೆಗೆ ಹೇಳಿದರು ಅಂದುಕೊಂಡೆ. ಆಮೇಲೆ ಒಂದಷ್ಟು ದಿನ ಈ ವಿಷಯದ ಬೆನ್ನು ಹತ್ತಿದೆ. ತಮಾಷೆ ಏನೂ ಅಲ್ಲ, ಈ ವಿದ್ಯೆ ಶುರುವಾಗಿದ್ದೇ ಹೊಲಿಗೆಯಿಂದ.

1894ರ ಜೂನ್‌ನಲ್ಲಿ ಫ್ರಾನ್ಸಿನ ಅಧ್ಯಕ್ಷ ಸಾದಿ ಕಾರ್ನೋ ಅವರಿಗೆ ಲಿಯೋನ್ ನಗರದಲ್ಲಿ ಒಬ್ಬ ಚಾಕು ಹಾಕಿದ. ಲಿವರ್‌ಗೆ ಹೋಗುವ ದೊಡ್ಡ ಸಿರೆ ಕತ್ತರಿಸಿತ್ತು. ಸುತ್ತ ಡಾಕ್ಟರುಗಳಿದ್ದರು. ಆದರೆ ಹರಿದ ರಕ್ತನಾಳವನ್ನು ಮತ್ತೆ ಜೋಡಿಸುವ ದಾರಿ ಯಾರಿಗೂ ಗೊತ್ತಿರಲಿಲ್ಲ. ಅಧ್ಯಕ್ಷರು ರಕ್ತ ಸೋರಿ ತೀರಿಕೊಂಡರು. ಅದೇ ಊರಲ್ಲಿ ವೈದ್ಯಕೀಯ ಓದುತ್ತಿದ್ದ ಅಲೆಕ್ಸಿ ಕರೆಲ್‌ಗೆ ಆಗ ಇನ್ನೂ 20 ವರ್ಷ. ಇದನ್ನು ಹೊಲಿಯೋದಕ್ಕೆ ಯಾಕೆ ಆಗಬಾರದು ಅನ್ನೋದು ಹುಡುಗನ ತಲೆಗೆ ಹೊಕ್ಕಿತು. ಹೊಲಿಗೆ ಕಲಿಯಲು ಅವನು ಹೋಗಿದ್ದು ಯಾವ ಪ್ರೊಫೆಸರ್ ಹತ್ತಿರವೂ ಅಲ್ಲ. ಲಿಯೋನ್ ರೇಷ್ಮೆಯ ಊರು. ಅಲ್ಲಿ ಮದಾಂ ಲೆರೂದಿಯೆ ಅಂತ ಒಬ್ಬ ಕಸೂತಿಗಾರ್ತಿ ಇದ್ದರು. ಅವರ ಹತ್ತಿರ ಕೂತು ಸಣ್ಣ ಸೂಜಿ, ಎಳೆ ದಾರ ಹಿಡಿಯೋದನ್ನು ಕಲಿತ.

1902ರಲ್ಲಿ ಅವನು ಪ್ರಕಟಿಸಿದ ವಿಧಾನ ಎಷ್ಟು ಸರಳ ಅಂದರೆ ಮನೆಯಲ್ಲೇ ಮಾಡಿ ನೋಡಬಹುದು. ನಾನು ನೋಡಿದೆ. ಹಳೇ ಅಂಗಿಯ ತೋಳಿನ ಬಾಯಿ ತಗೊಳ್ಳಿ. ಅದು ಗುಂಡಗಿದೆ, ಮೆತ್ತಗಿದೆ, ಹೊಲಿಯಹೋದರೆ ಮುದುಡುತ್ತದೆ, ಎದುರು ಬದಿಯ ಬಟ್ಟೆಯೂ ಸೂಜಿಗೆ ಸಿಕ್ಕಿಕೊಳ್ಳುತ್ತದೆ. ಈಗ ಅಂಚಿನಲ್ಲಿ ಸಮ ಅಂತರದಲ್ಲಿ ಮೂರು ಕಡೆ ದಾರ ಹಾಕಿ ಮೂರು ದಿಕ್ಕಿಗೆ ಎಳೆಯಿರಿ. ಗುಂಡಗಿದ್ದದ್ದು ತ್ರಿಕೋನ ಆಗುತ್ತದೆ. ಮೂರು ನೇರ ಗೆರೆ. ನೇರ ಗೆರೆ ಹೊಲಿಯೋದು ಯಾರಿಗೆ ಬರಲ್ಲ? ಎರಡು ನಾಳಗಳ ತುದಿಯನ್ನು ಹೀಗೆ ಹಿಡಿದು ಒಂದೊಂದೇ ಬದಿ ಹೊಲಿದರೆ ಮುಗಿಯಿತು. ದಾರ ಬಿಟ್ಟರೆ ಮತ್ತೆ ಗುಂಡಗಾಗುತ್ತದೆ. ಸೂಜಿ ದಾರಗಳಿಗೆ ಕರೆಲ್ ವ್ಯಾಸಲೀನ್ ಸವರುತ್ತಿದ್ದರು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಇನ್ನೂ ಗೊತ್ತಿಲ್ಲದ ಕಾಲ ಅದು.

1912ರಲ್ಲಿ ಕರೆಲ್‌ಗೆ ನೊಬೆಲ್ ಬಂತು. ಇಲ್ಲಿಗೆ ನಿಲ್ಲಿಸಿದರೆ ಸೊಗಸಾದ ಸಾಧಕರ ಪರಿಚಯ ಆಗುತ್ತದೆ. ಆದರೆ ಇದೇ ಮನುಷ್ಯ 1935ರಲ್ಲಿ ಬರೆದ ಪುಸ್ತಕದಲ್ಲಿ ಕೆಲವು ಬಗೆಯ ಅಪರಾಧಿಗಳನ್ನು ಗ್ಯಾಸ್ ಬಿಟ್ಟು ಮುಗಿಸಬಹುದು ಎಂದು ಬರೆದರು. 'ಒಳ್ಳೆಯ ತಳಿಯ ಮನುಷ್ಯರು' ಎಂಬ ಹುಚ್ಚು ವಾದದ ಪರ ನಿಂತರು. ಹಾಗಂತ ಆ ಹೊಲಿಗೆಯನ್ನು ಬಿಚ್ಚಲು ಆಗುವುದಿಲ್ಲ, ದಿನಾ ಎಷ್ಟೋ ಜನರ ಮೈಯಲ್ಲಿ ಅದಿದೆ. ಸಾಧಕರ ಪುಟ ಮಾಡುವ ನಮ್ಮಂಥವರು ಮಾತ್ರ ಇಂಥ ಸಾಲು ಬಂದಾಗ ಕತ್ತರಿ ಹಾಕಬಾರದು ಅಂತ ನನಗೆ ಅನ್ನಿಸುತ್ತದೆ.

ನೊಬೆಲ್ ಬಂದರೂ ಈ ವಿದ್ಯೆ ಆಪರೇಷನ್ ಥಿಯೇಟರಿಗೆ ಇಳಿಯಲು ಜಾಸ್ತಿ ಸಮಯ ಹಿಡಿಯಿತು. ಎರಡನೇ ಮಹಾಯುದ್ಧದಲ್ಲಿ ಗಾಯಗೊಂಡ ಅಮೆರಿಕನ್ ಸೈನಿಕರ ಲೆಕ್ಕ ನೋಡಿ. ಧಮನಿಗೆ ಪೆಟ್ಟಾದ 2,471 ಪ್ರಕರಣ. ಹೊಲಿದು ಸರಿಪಡಿಸಲು ನೋಡಿದ್ದು ಬರೀ 81ರಲ್ಲಿ. ಉಳಿದವರಲ್ಲಿ ಹೆಚ್ಚಿನವರಿಗೆ ಶತಮಾನಗಳ ಹಳೇ ಉಪಾಯವೇ ಗತಿ, ನಾಳಕ್ಕೆ ಗಂಟು ಹಾಕಿ ರಕ್ತ ನಿಲ್ಲಿಸುವುದು. ಜೀವ ಉಳಿಯುತ್ತಿತ್ತು. ಆದರೆ ಗಂಟು ಹಾಕಿದ ಕೈಕಾಲುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟನ್ನು ಆಮೇಲೆ ಕತ್ತರಿಸಬೇಕಾಯಿತು. ಕೆಲವೇ ವರ್ಷಗಳಲ್ಲಿ ಕೊರಿಯಾ ಯುದ್ಧ ಬಂತು. ಗಾಯಾಳುಗಳನ್ನು ಹೆಲಿಕಾಪ್ಟರಿನಲ್ಲಿ ಬೇಗ ತಂದು, ಗಂಟು ಹಾಕುವ ಬದಲು ಹೊಲಿದರು. ಕೈಕಾಲು ಕಳೆದುಕೊಂಡವರು ಶೇ. 13ಕ್ಕೆ ಇಳಿದರು.

ಮಹಾಯುದ್ಧದ ಆ ಲೆಕ್ಕವನ್ನು 1946ರಲ್ಲಿ ಜೊತೆಗಾರರೊಬ್ಬರ ಜೊತೆ ಬರೆದು ಪ್ರಕಟಿಸಿದವರು ಮೈಕೆಲ್ ಡಿಬೇಕಿ. ಇವರ ಬಗ್ಗೆ ಸ್ವಲ್ಪ ಹೆಚ್ಚು ಹೇಳಲೇಬೇಕು.

ಹುಟ್ಟಿದ್ದು 1908ರಲ್ಲಿ, ಅಮೆರಿಕದ ಲೂಯಿಸಿಯಾನಾದಲ್ಲಿ. ಅಪ್ಪ ಅಮ್ಮ ಲೆಬನಾನಿನಿಂದ ವಲಸೆ ಬಂದವರು. ಹೊಲಿಗೆಯಲ್ಲಿ ಅಮ್ಮನ ಕೈ ಪಳಗಿತ್ತು, ಮಗನಿಗೂ ಚಿಕ್ಕಂದಿನಲ್ಲೇ ಕಲಿಸಿದ್ದರು. 1950ರ ದಶಕದ ಶುರುವಿನಲ್ಲಿ ಹ್ಯೂಸ್ಟನ್‌ನಲ್ಲಿ ಅವರ ಮುಂದೆ ಇದ್ದ ತೊಡಕು ಇದು: ಹೊಟ್ಟೆಯ ಮಹಾಧಮನಿ ಊದಿಕೊಂಡವರಿಗೆ ಆ ಭಾಗ ಕತ್ತರಿಸಿ ತೆಗೆಯಬಹುದು. 1951ರಲ್ಲಿ ಪ್ಯಾರಿಸ್‌ನಲ್ಲಿ ಶಾರ್ಲ್ ದ್ಯುಬೋ ತೆಗೆದು ತೋರಿಸಿದ್ದರು. ಆದರೆ ಆ ಜಾಗಕ್ಕೆ ಜೋಡಿಸಲು ತೀರಿಹೋದವರ ನಾಳವೇ ಬೇಕಿತ್ತು. ಅಳತೆಗೆ ಸರಿಯಾಗಿ, ಬೇಕೆಂದಾಗ ಅದು ಎಲ್ಲಿ ಸಿಗುತ್ತದೆ?

ಬಟ್ಟೆಯ ನಾಳ ಮಾಡಬಹುದು ಅಂತ ಮೊದಲು ತೋರಿಸಿದವರು ನ್ಯೂಯಾರ್ಕಿನ ಆರ್ಥರ್ ವೂರ್ಹೀಸ್. ನಾಯಿಯ ಹೃದಯದಲ್ಲಿ ತಪ್ಪಾಗಿ ಬಿದ್ದ ಒಂದು ರೇಷ್ಮೆ ಹೊಲಿಗೆ. ಕೆಲವು ತಿಂಗಳ ಮೇಲೆ ನೋಡಿದರೆ ಅದರ ಮೇಲೆ ನುಣ್ಣನೆ ಹೊಳೆಯುವ ಪೊರೆ ಬೆಳೆದಿತ್ತು. ಒಂದು ದಾರದ ಮೇಲೆ ಬೆಳೆಯೋದಾದರೆ ಬಟ್ಟೆಯ ಮೇಲೆ ಯಾಕೆ ಬೆಳೆಯಬಾರದು ಎಂದುಕೊಂಡು ರೇಷ್ಮೆ ಕರವಸ್ತ್ರವನ್ನೇ ಕೊಳವೆಯ ಹಾಗೆ ಹೊಲಿದು ನೋಡಿದರು. ಮುಂದೆ ವಿನಿಯಾನ್-ಎನ್ ಎಂಬ ಬಟ್ಟೆಯಲ್ಲಿ ಮಾಡಿದ ಪ್ರಯೋಗಗಳನ್ನು 1952ರಲ್ಲಿ ಪ್ರಕಟಿಸಿದರು.

ಡಿಬೇಕಿ ಬಟ್ಟೆ ಅಂಗಡಿಗೆ ಹೋಗಿ ನೈಲಾನ್ ಕೇಳಿದರಂತೆ. ನೈಲಾನ್ ಮುಗಿದಿದೆ, ಹೊಸದಾಗಿ ಡೇಕ್ರಾನ್ ಅಂತ ಬಂದಿದೆ, ಬೇಕಾದರೆ ಕೊಡ್ತೀವಿ ಅಂದರು. ಸರಿ, ಅದನ್ನೇ ಕೊಡಿ ಅಂತ ತಂದು, ಕತ್ತರಿಸಿ, ಎರಡು ಅಂಚು ಸೇರಿಸಿ, ಮನೆಯಲ್ಲಿದ್ದ ಹೆಂಡತಿಯ ಹೊಲಿಗೆ ಮಷಿನ್ನಿನಲ್ಲಿ ತಾವೇ ಹೊಲಿದರು. ಆಮೇಲೆ ಗೊತ್ತಾಯಿತು, ನೈಲಾನ್ ಮೈಯೊಳಗೆ ಬರಬರುತ್ತಾ ಬಲ ಕಳೆದುಕೊಳ್ಳುತ್ತದೆ, ಡೇಕ್ರಾನ್ ಬಾಳುತ್ತದೆ. ಆವತ್ತು ಅಂಗಡಿಯಲ್ಲಿ ನೈಲಾನ್ ಇದ್ದಿದ್ದರೆ? ಡೇಕ್ರಾನ್ ಅಂದರೆ ನಮ್ಮ ಪಾಲಿಯೆಸ್ಟರ್ ಕಣ್ರೀ. ಇವತ್ತಿಗೂ ಅದರ ಗ್ರಾಫ್ಟ್, ಅಂದರೆ ಕೆಟ್ಟ ನಾಳದ ಜಾಗಕ್ಕೆ ಜೋಡಿಸುವ ಕೊಳವೆ, ಹಾಕುತ್ತಾರೆ.

ಈ ಕಥೆಗೆ ಇನ್ನೊಂದು ಕೊನೆ ಇದೆ. 2005ರ ಡಿಸೆಂಬರ್ ಕೊನೆಯಲ್ಲಿ 97 ವರ್ಷದ ಡಿಬೇಕಿಗೆ ಎದೆಯಲ್ಲಿ ಭಯಂಕರ ನೋವು. ಮಹಾಧಮನಿಯ ಒಳಪದರ ಸೀಳಿತ್ತು. ಈ ಕಾಯಿಲೆಯ ಬಗೆಗಳನ್ನು ವಿಂಗಡಿಸಿದ ಪದ್ಧತಿಗೆ ಅವರದೇ ಹೆಸರಿದೆ, ಅದಕ್ಕೆ ಆಪರೇಷನ್ ರೂಪಿಸಿದವರಲ್ಲೂ ಅವರು ಮೊದಲಿಗರು. ತಮಗೆ ಏನಾಗಿದೆ ಅಂತ ಬೇರೆಯವರು ಹೇಳುವ ಮೊದಲೇ ಅವರಿಗೆ ಗೊತ್ತಾಗಿತ್ತು. ಆಪರೇಷನ್ ಬೇಡ ಅಂದರು. 2006ರ ಫೆಬ್ರವರಿಯಲ್ಲಿ ಪ್ರಜ್ಞೆ ತಪ್ಪಿದಾಗ ಡಾಕ್ಟರುಗಳ ನಡುವೆಯೇ ವಾದ ಎದ್ದಿತು. ಬೇಡ ಅಂದವರ ಮೇಲೆ ಕತ್ತಿ ಇಡಬಹುದಾ? 97 ವರ್ಷದವರಿಗೆ ಅರಿವಳಿಕೆ ಕೊಡೋದು ಹೇಗೆ? ಆಸ್ಪತ್ರೆಯ ನೈತಿಕ ಸಮಿತಿ ರಾತ್ರಿ ಹೊತ್ತಿನಲ್ಲಿ ಸೇರಿತು. ಕೊನೆಗೆ, ಎಷ್ಟೋ ವರ್ಷ ಅವರ ಜೊತೆಗೇ ಕೆಲಸ ಮಾಡಿದ ಜಾರ್ಜ್ ನೂನ್ ಸೀಳಿದ ಭಾಗಕ್ಕೆ ಡೇಕ್ರಾನ್ ಗ್ರಾಫ್ಟ್ ಹಾಕಿದರು. ಡಿಬೇಕಿ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದು ಎದ್ದು ಬಂದರು, 2008ರ ಜುಲೈವರೆಗೆ ಬದುಕಿದರು. ನೂರಕ್ಕೆ ಎರಡು ತಿಂಗಳು ಕಡಿಮೆ. ಅವರು ಬೇಡ ಅಂದಿದ್ದನ್ನು ಮೀರಿದ್ದು ಸರಿಯೇ ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ಬದುಕಿ ಬಂದ ಮೇಲೆ ಅವರು ಖುಷಿಯಾಗಿದ್ದರು ಅನ್ನೋದು ಮಾತ್ರ ನಿಜ.

ಇನ್ನೊಬ್ಬರು ಥಾಮಸ್ ಫೋಗಾರ್ಟಿ. ಚಿಕ್ಕವರಿದ್ದಾಗಲೇ ತಂದೆ ತೀರಿಕೊಂಡರು. ಹೈಸ್ಕೂಲು ಹುಡುಗ ದುಡ್ಡಿಗಾಗಿ ಸಿನ್ಸಿನಾಟಿಯ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿ, ಕ್ರಮೇಣ ಥಿಯೇಟರಿನಲ್ಲಿ ಸರ್ಜನ್‌ಗಳ ಪಕ್ಕ ನಿಂತು ಸಲಕರಣೆ ಎತ್ತಿಕೊಡುವವನಾದ. ಕಾಲಿನ ಧಮನಿಯಲ್ಲಿ ಹೆಪ್ಪು ಸಿಕ್ಕಿಕೊಂಡರೆ ಉದ್ದಕ್ಕೂ ಕೊಯ್ದು ಗಂಟೆಗಟ್ಟಲೆ ಹುಡುಕಿ ತೆಗೆಯುತ್ತಿದ್ದರು. ಕಾಲು ಹೋಗುತ್ತಿತ್ತು, ಎಷ್ಟೋ ಸಲ ರೋಗಿಯೇ ಹೋಗುತ್ತಿದ್ದರು. ಇವನು ನೋಡ್ತಾ ನಿಂತಿರುತ್ತಿದ್ದ. ಮುಂದೆ ಮೆಡಿಕಲ್ ಓದುವಾಗ ಮೂತ್ರಕ್ಕೆ ಹಾಕುವ ತೆಳ್ಳನೆ ಟ್ಯೂಬ್ ಒಂದಕ್ಕೆ ರಬ್ಬರ್ ಗ್ಲವ್ಸಿನ ಕಿರುಬೆರಳಿನ ತುದಿ ಕತ್ತರಿಸಿ ಕಟ್ಟಿದ. ಅಂಟು ಕೆಲಸ ಮಾಡಲಿಲ್ಲ. ಮೀನು ಹಿಡಿಯುವ ಗಾಳಕ್ಕೆ ಗಂಟು ಹಾಕೋದು ಹುಡುಗನಾಗಿದ್ದಾಗಲೇ ಬರುತ್ತಿತ್ತು. ಅದೇ ಗಂಟು ಹಾಕಿದ, ನಿಂತಿತು.

ಬಲೂನನ್ನು ಮುದುರಿ ಹೆಪ್ಪಿನ ಆಚೆಗೆ ದಾಟಿಸು, ಅಲ್ಲಿ ಊದಿಸು, ಮೆಲ್ಲಗೆ ಹಿಂದಕ್ಕೆಳೆ. ಹೆಪ್ಪು ಜೊತೆಗೇ ಬರುತ್ತದೆ. ತೊಡೆಸಂದಿಯಲ್ಲಿ ಸಣ್ಣ ಗಾಯ ಅಷ್ಟೇ. 1961ರಲ್ಲಿ ಮೊದಲ ರೋಗಿಗೆ ಬಳಸಿದರು. ಮೊದಮೊದಲು ತಯಾರಿಸಿ ಕೊಡಲು ಕಂಪನಿಗಳು ಒಪ್ಪದೆ ಅವರೇ ಕೈಯಲ್ಲಿ ಕಟ್ಟುತ್ತಾ ಕೂತಿದ್ದರಂತೆ. ಈಗ 'ಫೋಗಾರ್ಟಿ ಕೊಡಿ' ಅಂದರೆ ಯಾವ ದೇಶದ ಥಿಯೇಟರಿನಲ್ಲಾದರೂ ಅರ್ಥವಾಗುತ್ತದೆ.

ಎಲ್ಲರ ಹೆಸರೂ ಹೀಗೆ ಉಳಿಯಲಿಲ್ಲ. ಡಯಾಲಿಸಿಸ್ ಮಾಡಿಸಿಕೊಳ್ಳುವವರ ಮಣಿಕಟ್ಟಿನ ಹತ್ತಿರ ಕೈಯಿಟ್ಟು ನೋಡಿದ್ದೀರಾ? ಬೆಕ್ಕು ಗುರುಗುಟ್ಟಿದ ಹಾಗೆ ಬೆರಳಿಗೆ ತಾಗುತ್ತದೆ. ಧಮನಿಯನ್ನು ಪಕ್ಕದ ಸಿರೆಗೆ ಹೊಲಿದಿರುತ್ತಾರೆ. ಧಮನಿಯ ರಭಸಕ್ಕೆ ಸಿರೆ ದಪ್ಪಗಾಗಿ, ವಾರಕ್ಕೆ ಮೂರು ಸಲ ಸೂಜಿ ಚುಚ್ಚಿದರೂ ತಡೆಯುತ್ತದೆ. 1966ರಲ್ಲಿ ಇದನ್ನು ಪ್ರಕಟಿಸಿದವರಲ್ಲಿ ಬ್ರೆಷಿಯಾ, ಸಿಮಿನೋ ಇಬ್ಬರೂ ಕಿಡ್ನಿ ಡಾಕ್ಟರುಗಳು. ಫಿಸ್ಟುಲಾ ಅನ್ನುವ ಈ ಜೋಡಣೆಗೆ ಅವರಿಬ್ಬರ ಹೆಸರೇ ನಿಂತಿದೆ. ಹೊಲಿದ ಸರ್ಜನ್ ಕೆನೆತ್ ಆಪೆಲ್. ಅವರ ಹೆಸರು ಎಷ್ಟು ಜನರಿಗೆ ಗೊತ್ತು?

ಭಾಷೆಯೂ ಹೆಸರನ್ನು ಮರೆಸಬಹುದು. ಊದಿದ ಮಹಾಧಮನಿಗೆ ಹೊಟ್ಟೆ ಕೊಯ್ಯದೆ, ತೊಡೆಸಂದಿಯಿಂದ ಒಳಗೇ ಗ್ರಾಫ್ಟ್ ಕಳಿಸಿ ಕೂರಿಸುವ ಚಿಕಿತ್ಸೆ ಅಂದರೆ ಎಲ್ಲರೂ ಬ್ಯೂನಸ್ ಐರಿಸ್‌ನ ಹುವಾನ್ ಪರೋಡಿ, 1990 ಅನ್ನುತ್ತಾರೆ. ಅವರ ಸಾಧನೆ ಸಣ್ಣದೇನಲ್ಲ, ವರ್ಷಗಟ್ಟಲೆ ಅದರ ಹಿಂದೆ ಬಿದ್ದಿದ್ದರು. ಆದರೆ 1987ರಲ್ಲೇ ಉಕ್ರೇನಿನ ಖಾರ್ಕಿವ್‌ನಲ್ಲಿ ನಿಕೊಲಾಯ್ ವೊಲೊದೊಸ್ ಎದೆಯ ಮಹಾಧಮನಿಗೆ ಇದೇ ರೀತಿ ಗ್ರಾಫ್ಟ್ ಕೂರಿಸಿದ್ದರು. ರಷ್ಯನ್ ಭಾಷೆಯಲ್ಲಿ ಬರೆದಿದ್ದರು. ಹೊರಗಿನವರು ತುಂಬಾ ತಡವಾಗಿ ಓದಿದರು. ಕನ್ನಡದಲ್ಲಿ ಸುದ್ದಿಪತ್ರ ತರುವವನಿಗೆ ಇದು ಸ್ವಲ್ಪ ಚುರುಕ್ ಅನ್ನುತ್ತದೆ.

ಇಷ್ಟೆಲ್ಲ ಓದಿಕೊಂಡು ಮತ್ತೆ ನಮ್ಮ ಡಾಕ್ಟರಿಗೆ ಫೋನ್ ಮಾಡಿದೆ. ಈ ಸಲ ಸ್ವಲ್ಪ ಜಂಬದಿಂದಲೇ, ಅಂಗಿ ತೋಳಿನ ಪ್ರಯೋಗವನ್ನೂ ಹೇಳಿದೆ. ನಕ್ಕರು. ಈಗಿನ ದಾರ ತಲೆಕೂದಲಿಗಿಂತ ತೆಳುವಾಗಿರುತ್ತಂತೆ, ಎರಡೂ ತುದಿಗೆ ಸೂಜಿ. ಕಣ್ಣಿಗೆ ಭೂತಗನ್ನಡಿಯಂಥ ಲೂಪ್ಸ್ ಹಾಕಿಕೊಂಡು ಹೊಲಿಯುತ್ತಾರೆ. ಧಮನಿಯಲ್ಲಿ ಸೂಜಿಯನ್ನು ಆದಷ್ಟು ಒಳಗಿನಿಂದ ಹೊರಗೆ ತರಬೇಕು. ಹೊರಗಿನಿಂದ ಚುಚ್ಚಿದರೆ ಒಳಪದರ ಎದ್ದು, ರಕ್ತದ ಹರಿವಿಗೆ ಬಾಗಿಲಿನ ಹಾಗೆ ಮುಚ್ಚಿಕೊಳ್ಳಬಹುದು. ಕೊನೆಗೆ ರಕ್ತ ತಡೆದು ಹಿಡಿದಿದ್ದ ಕ್ಲಾಂಪ್ ತೆಗೆದಾಗ ಹೊಲಿಗೆಯ ಸಂದಿಯಿಂದ ಒಂದೆರಡು ಹನಿ ಜಿನುಗುತ್ತದೆ. ಬಟ್ಟೆ ಒತ್ತಿ ಹಿಡಿದು ಕಾಯಬೇಕು. ಆಮೇಲೆ ಪಾದದ ಮೇಲೆ ಡಾಪ್ಲರ್, ಅಂದರೆ ರಕ್ತ ಹರಿಯುವ ಸದ್ದು ಕೇಳಿಸುವ ಯಂತ್ರ, ಇಟ್ಟು ಕೇಳುತ್ತಾರೆ. ವುಶ್, ವುಶ್ ಅಂತ ಬಂದರೆ ಥಿಯೇಟರಿನಲ್ಲಿದ್ದವರೆಲ್ಲ ಉಸಿರು ಬಿಡುತ್ತಾರೆ.

"ಎಲ್ಲಕ್ಕಿಂತ ಕಷ್ಟ ಯಾವುದು ಡಾಕ್ಟ್ರೇ?"

"ವಾಪಸ್ ಹೋಗೋದು," ಅಂದರು. "ಚೆನ್ನಾಗಿ ಆಗಿದೆ ಅಂತ ಮನೆಗೆ ಬಂದಿರ್ತೀವಿ. ರಾತ್ರಿ ನರ್ಸ್ ಫೋನ್ ಮಾಡಿ ಪಾದ ತಣ್ಣಗಾಗಿದೆ ಅಂತಾರೆ. ಬೇರೆ ಸರ್ಜರಿಗಳಲ್ಲಿ ತೆಗೆದು ಹಾಕಿದರೆ ಮುಗೀತು. ನಮ್ಮದು ಹಾಗಲ್ಲ, ಕಾಯಿಲೆ ಇರೋದು ಇಡೀ ನಾಳದಲ್ಲಿ. ನಾವು ಒಂದು ಕಡೆ ರಿಪೇರಿ ಮಾಡಿರ್ತೀವಿ. ಆ ಮನುಷ್ಯ ಸಿಗರೇಟ್ ಬಿಡಲಿಲ್ಲ ಅಂದ್ರೆ ನನ್ನ ಹೊಲಿಗೆ ಎಷ್ಟು ದಿನ ತಡೆಯುತ್ತೆ?"

ಅವರ ಪರಿಚಯವನ್ನು ಒಂದು ಪುಟಕ್ಕೆ ಇಳಿಸಿದ್ದೇನೆ. ಪದಕಗಳೆಲ್ಲ ಒಂದು ಪ್ಯಾರಾದಲ್ಲಿ ಮುಗಿದಿವೆ. ಬರೆದು ಕಳಿಸಿದ ಸದಸ್ಯರು ಬೇಜಾರು ಮಾಡಿಕೊಳ್ಳಬಾರದು. ಪುಟದಲ್ಲಿ ಫೋಟೋ ಯಾಕಿಲ್ಲ ಅಂತ ನೀವು ಕೇಳಬಹುದು. ಮೂರು ಸಲ ನೆನಪಿಸಿದ್ದೆ. ಅಚ್ಚಿಗೆ ಹೋಗುವ ದಿನ ಬೆಳಗ್ಗೆ ಉತ್ತರ ಬಂತು: "ಸಾರಿ ಸಾರ್, ಒಂದು ಗ್ರಾಫ್ಟ್ ಕಟ್ಟಿಕೊಂಡಿದೆ, ಮತ್ತೆ ಥಿಯೇಟರಿಗೆ ಹೋಗ್ತಿದ್ದೀನಿ. ಸಾಯಂಕಾಲ ಕಳಿಸ್ತೀನಿ."

ಸಾಯಂಕಾಲದವರೆಗೆ ಕಾದೆವು. ಬರಲಿಲ್ಲ.

— ಸಂಪಾದಕ